ಒಂದೂವರೆ ಎಂದು ಬರೆದವನು

ದೇವರ ಮುಂದೆ ಕುಳಿತಾಗಲೂ ನನ್ನನ್ನು ಬಿಡದ ಒಂದು ತಪ್ಪನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ಜಮಖಂಡಿಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಾಗ ಯುದ್ಧದ ದೆಸೆಯಿಂದ ಕಾಗದಕ್ಕೆ ಬರವಿತ್ತು. ಪರೀಕ್ಷೆಯಲ್ಲೂ ವಿದ್ಯಾರ್ಥಿಗಳು ಪಾಟಿಯ ಮೇಲೆ ಲೆಕ್ಕ ಮಾಡಿ, ಉತ್ತರವನ್ನಷ್ಟೇ ಹಾಳೆಗಿಳಿಸಿ, ಪಾಟಿ ಒರೆಸಿಬಿಡುತ್ತಿದ್ದರು.

ಆ ವರ್ಷ ಗಣಿತದಲ್ಲಿ ಮೊದಲಿಗನಾದವನನ್ನು ಸಂಸ್ಥಾನದ ಖರ್ಚಿನಲ್ಲಿ ಸಾಂಗಲಿಗೆ, ಕಾಲೇಜು ಓದಲು ಕಳಿಸುವುದೆಂದಾಗಿತ್ತು. ಹೆಸರು ಬರೆದುಕೊಡಬೇಕಾದವನು ನಾನು. ಕೊನೆಯ ಪ್ರಶ್ನೆಯಾಗಿ ೨ಕ್ಷ³ − ಕ್ಷ² − ಕ್ಷ − ೩ = ೦ ಎಂದು ಬರೆದು, ಕ್ಷಕ್ಕೆ ಪೂರ್ಣಾಂಕದ ಅಥವಾ ಭಿನ್ನರಾಶಿಯ ಬೆಲೆಯಿದ್ದರೆ ತಿಳಿಸಿ, ಇಲ್ಲದಿದ್ದರೆ ಇಲ್ಲವೆನ್ನಿ ಎಂದು ಕೇಳಿದೆ. ಕೊನೆಯ ಅಂಕಿಯ ಭಾಜಕಗಳಾದ ಒಂದು, ಮೂರು, ಅವುಗಳ ಋಣರೂಪಗಳು, ಇವನ್ನಷ್ಟೇ ಇಟ್ಟು ನೋಡುವುದು ನಾನು ಕಲಿಸಿದ್ದ ಕ್ರಮ. ಯಾವುದೂ ಹೊಂದದ ಕಾರಣ ಬೆಲೆಯೇ ಇಲ್ಲವೆಂದು ನಂಬಿದ್ದೆ.

ರಬಕವಿಯ ನೇಕಾರರ ಮನೆಯ ವಿದ್ಯಾರ್ಥಿಯೊಬ್ಬ ‘ಒಂದೂವರೆ’ ಎಂದು ಬರೆದಿದ್ದ. ತಪ್ಪೆಂದು ಗೀಟೆಳೆದೆ. ಅಷ್ಟರಿಂದಲೇ ಅವನು ಎರಡನೆಯವನಾದ.

“ಸರ, ಒಮ್ಮೆ ಇಟ್ಟರ ನೋಡ್ರೀ,” ಎಂದ, ಹಾಳೆ ಹಂಚಿದ ದಿನ ಮೇಜಿನ ಬಳಿ ಬಂದು.

“ಮೂರರಾಗ ಒಂದೂವರಿ ಎಲ್ಲಿಂದ ತಂದ್ಯೋ? ಮಗ್ಗದಾಗ ನೇದಿಯೇನು?” ಎಂದೆ. ತರಗತಿ ನಕ್ಕಿತು.

“ಮೊದಲಿನ ಎರಡರಿಂದ ಮೂರಕ್ಕ ಭಾಗಿಸೀನ್ರೀ.”

“ಪಾಟಿ ತೋರ್ಸು.”

“ಒರಸೇನ್ರೀ.”

“ಹಂಗಾದ್ರ ಹೋಗಿ ಕೂಡು.”

ಮುಖ್ಯಾಧ್ಯಾಪಕರಿಗೆ ಮೊದಲಿಗನ ಹೆಸರು ಬರೆದ ಪತ್ರ ಕೊಟ್ಟು ಮನೆಗೆ ಬಂದೆ. ಸಂಧ್ಯಾವಂದನೆಯಲ್ಲಿ ಜಪದ ಎಣಿಕೆ ತಪ್ಪಿತು. ಎದ್ದು ಒಂದೂವರೆಯನ್ನಿಟ್ಟು ನೋಡಿದೆ. ಆರೂಮುಕ್ಕಾಲರಲ್ಲಿ ಎರಡೂಕಾಲು, ಒಂದೂವರೆ, ಮೂರು ಕಳೆದೆ. ಉಳಿದದ್ದು ಸೊನ್ನೆ.

ಪತ್ರ ದರಬಾರಿಗೆ ಹೋಗಲು ಇನ್ನೆರಡು ದಿನವಿತ್ತು. ಬೆಳಿಗ್ಗೆ ಮುಖ್ಯಾಧ್ಯಾಪಕರ ಬಾಗಿಲವರೆಗೆ ಹೋದೆ.

“ಏನ್ರೀ ಮಾಸ್ತರ?” ಎಂದರು.

“ಏನಿಲ್ರೀ, ಖಡು ಬೇಕಾಗಿತ್ತು.”

ಆ ಖಡುವಿನಿಂದಲೇ ತರಗತಿಯ ಕರಿಹಲಗೆಯ ಮೇಲೆ ಬರೆದೆ: ಕೊನೆಯ ಅಂಕಿಯ ಭಾಜಕಗಳನ್ನು ಮೊದಲ ಅಂಕಿಯ ಭಾಜಕಗಳಿಂದ ಭಾಗಿಸಿಯೂ ನೋಡತಕ್ಕದ್ದು. ಇದನ್ನು ಕಂಡುಕೊಂಡವನು ಎದುರಿಗೇ ಕುಳಿತಿದ್ದಾನೆಂದು ಹೇಳಲಿಲ್ಲ. ಅವನು ತಲೆಯೆತ್ತಿ ನನ್ನನ್ನು ನೋಡಿ, ಸ್ವಲ್ಪ ಹೊತ್ತು ಕಾದು, ಆಮೇಲೆ ಎಲ್ಲರಂತೆ ಬರೆದುಕೊಂಡ. ಸಾಂಗಲಿಗೆ ಬೇರೊಬ್ಬ ಹೋದ.

ಸಂಸ್ಥಾನ ವಿಲೀನವಾದ ವರ್ಷ ರಬಕವಿಗೆ ಹೋಗಿ, ಮಗ್ಗದಲ್ಲಿ ಕುಳಿತಿದ್ದ ಅವನಿಗೆ ನಿಜ ಹೇಳಿದೆ.

“ಗೊತ್ತಿತ್ರೀ ಸರ. ಬರಕೊಳ್ಳಾಗ ನಿಮ್ಮ ಮಾರಿ ನೋಡಿದ್ನೆಲ್ಲ,” ಎಂದ. ಮಗ್ಗದ ಕುಣಿಯಿಂದ ಎದ್ದು ಬಂದು ನನ್ನ ಪಾದ ಮುಟ್ಟಲು ಬಾಗಿದ.

ನಾನು ಹಿಂದಕ್ಕೆ ಸರಿದೆ.