ಸಾಲಿಟಾನ್ ಮತ್ತು ಹಸಿ ಶ್ಯಾವಿಗೆ

ಪಕ್ಕದ ಮನೆಯ ಮಾಳಿಗೆಯಿಂದ ಹಸಿ ಶ್ಯಾವಿಗೆಯ ವಾಸನೆ ಬಂದರೆ ಸಾಕು, ನನ್ನ ಬಲಗೈ ತಾನಾಗಿ ಬೆನ್ನ ಹಿಂದೆ ಹೋಗುತ್ತದೆ. ಇವತ್ತೂ ಹೋಯಿತು. ಅದಕ್ಕೊಂದು ಇತಿಹಾಸವಿದೆ, ಪುರಸೊತ್ತಿದ್ದರೆ ಕೇಳಿ.

ತೊಂಬತ್ತರ ದಶಕದ ಕೊನೆ. ಗಾಜಿನೊಳಗೆ ಒತ್ತೊತ್ತಾಗಿ ಸಾಲುಗೊಂಡ ಬೆಳಕಿನ ಕಾಲುವೆಗಳಲ್ಲಿ ಸಾಲಿಟಾನ್ ಎಂಬ ಬೆಳಕಿನ ಮುದ್ದೆ ಎಷ್ಟು ಸ್ಥಿರ ಎಂಬುದು ನನ್ನ ಸಂಶೋಧನೆ. ಲೋಕಕಲ್ಯಾಣಕ್ಕೆ ಇದು ತುರ್ತಾಗಿ ಬೇಕೆಂದು ನಮ್ಮ ಗಡಿನಾಡಿನ ಜತ್ತ ತಾಲೂಕಿನಲ್ಲಿ ನಾನೊಬ್ಬನೇ ನಂಬಿದ್ದೆ. ಕನ್ಯೆ ನೋಡಲು ಹೋದಲ್ಲೆಲ್ಲ ಈ ವಿಷಯ ವಿವರಿಸಿ ಸಂಬಂಧ ಮುರಿದುಕೊಂಡಿದ್ದೆ. ಆ ಬೇಸಿಗೆಯಲ್ಲಿ ಡಫಳಾಪುರಕ್ಕೆ ಕರೆದೊಯ್ದ ಕಾಕಾ ದಾರಿಯುದ್ದಕ್ಕೂ ಒಂದೇ ಮಂತ್ರ ಜಪಿಸಿದರು: "ಈ ಸಲ ಬಾಯಿ ಮುಚ್ಕೊಂಡ ಕುಂದ್ರಪಾ. ಇದೂ ಹೋದ್ರ ನಾ ಮತ್ತ ಬರಂಗಿಲ್ಲ."

ಉಪ್ಪಿಟ್ಟು ಬಂತು. ನಮ್ಮಲ್ಲಿ ಕನ್ಯೆ ನೋಡುವಾಗ ಖಾರವೇ. ಸಿಹಿ ಬಡಿಸಿದರೆ ಸಂಬಂಧ ಒಪ್ಪಿದಂತೆ. ಊರ ಸಾಲಿಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದ ಹುಡುಗಿ ನೇರವಾಗಿ ಕೇಳಿದಳು: "ನಿಮ್ಮ ಓದು-ಅಭ್ಯಾಸ ಯಾತರದ್ದರಿ?"

ಇನ್ನು ಬಾಯಿ ಮುಚ್ಚುವುದುಂಟೆ? ಅಂಗಳದಲ್ಲಿ ಅವಳ ಅಜ್ಜಿ ಆಗತಾನೆ ಕೋಲಿಗೆ ಇಳಿಬಿಟ್ಟಿದ್ದ ಶ್ಯಾವಿಗೆಯೇ ನನ್ನ ಕರಿಹಲಗೆಯಾಯಿತು.

"ಇವು ಕಾಲುವಿ ಅಂತ ತಿಳೀರಿ. ಒಂದರಾಗ ಬೆಳಕ ಬಿಟ್ರ ಬಾಜೂದಕ್ಕ ಸೋರಿ ಚದರತೈತಿ. ಜೋರ ಬಿಟ್ರ ಗಾಜಿನ ಗುಣಾನ ಬದಲಿಸಿ, ತನ್ನ ಜಾಗಾ ತಾನ ಹಿಡಕೊಂಡ ನಿಲ್ಲತೈತಿ. ಖರೇ ಗಟ್ಟಿ ಐತೋ ಇಲ್ಲೋ ನೋಡಾಕ ಸಣ್ಣಗ ನೂಕಬೇಕು. ಒಂದ ಎಳಿ ಮ್ಯಾಲ ಕುಂತದ್ದು ಅಳ್ಳಾಡಿ ಮತ್ತ ನಿಲ್ಲತೈತಿ. ಎರಡರ ನಡುವ ಕುಂತದ್ದು..."

ಬೆರಳಿನಿಂದ ನೂಕಿಯೇ ತೋರಿಸಿದೆ. ಹಸಿ ಎಳೆಗಳೆಲ್ಲ ಒಂದಕ್ಕೊಂದು ಅಂಟಿ ಜಡೆಯಾದವು.

"ಅಯ್ಯ ನಿನ್ನ! ಮುಂಜಾನಿಂದ ಕುಂತ ಹೊಸೆದಿದ್ನೆಲ್ಲೋ!" ಅಜ್ಜಿ ಎದೆ ಬಡಿದುಕೊಂಡಳು.

"...ಒಂದ ಕಡೆ ವಾಲತೈತಿ," ಎಂದು ನಾನು ವಾಕ್ಯ ಮುಗಿಸಿದೆ. ಕಾಕಾ ಹೊರಡಲು ಟೊಪ್ಪಿಗೆ ಹಾಕಿಕೊಂಡರು.

"ಇದು ಇನ್ನ ಒಣಗಂಗಿಲ್ಲ, ಈಗ ಕುದಿಸಬೇಕು," ಅಜ್ಜಿ ಗೊಣಗಿದಳು. "ಮನ್ಯಾಗ ಸಿಹಿ ಮಾಡಿ ಬಂದವರಿಗಿ ಕೊಡದ ಹೆಂಗ ಬಿಡೂದು? ಉಣಿಸಿದ್ರ ಒಪ್ಪಿದಂಗ!"

ಎಲ್ಲರೂ ಹುಡುಗಿಯತ್ತ ನೋಡಿದರು. ಅವಳು ಅಂಟಿದ ಶ್ಯಾವಿಗೆಯನ್ನು ಕೋಲಿನಿಂದ ತಾಟಿಗೆ ಬಿಡಿಸಿಕೊಂಡಳು. ನನ್ನನ್ನು ಒಮ್ಮೆ ನೋಡಿದಳು.

"ಅಜ್ಜಿ, ಬೆಲ್ಲ ಎಲ್ಲಿಟ್ಟೀಬೇ?"

ಯಾಕೆ ಹಾಗೆಂದಳೆಂದು ಇಷ್ಟು ವರ್ಷ ನಾನು ಕೇಳಿರಲಿಲ್ಲ. ನನ್ನ ವಿದ್ವತ್ತೇ ಕಾರಣವೆಂದು ನೆಮ್ಮದಿಯಿಂದಿದ್ದೆ. ಇವತ್ತು ಕೇಳಿಯೇಬಿಟ್ಟೆ.

"ಅಜ್ಜಿ ಅಷ್ಟ ಬೈಯಾಕತ್ರೂ ಮಾತ ಅರ್ಧಕ್ಕ ಬಿಡಲಿಲ್ಲ ನೀವು," ಎಂದಳು, ಪತ್ರಿಕೆಯಿಂದ ಕಣ್ಣೆತ್ತದೆ. "ಇಂಥಾವ ನಡುವ ಬಿಟ್ಟ ಹೋಗಂಗಿಲ್ಲ ಅನಸ್ತು."

ಸ್ಥಿರತೆಯ ಈ ನಿಯಮ ನನ್ನ ಮಹಾಪ್ರಬಂಧದಲ್ಲಿ ಎಲ್ಲಿಯೂ ಇಲ್ಲ. ಎದ್ದು ಚಹಾಕ್ಕೆ ನೀರಿಟ್ಟೆ.