ಪಂಪಾಪತಿಯವರು ಉಜ್ಜಿದ ಗೆರೆ

ಪಂಪಾಪತಿಯವರು ಯಾರ ಮನೆಗೆ ಹೋದರೂ ಮೊದಲು ಬೆರಳ ಗೆಣ್ಣಿನಿಂದ ಹಿತ್ತಾಳೆ ಕೊಡ ಬಾರಿಸುತ್ತಿದ್ದರು. ಸದ್ದಿನ ಮೇಲೆಯೇ ನೀರು ಎಷ್ಟಿದೆ ಎಂದು ಹೇಳುತ್ತಿದ್ದರು. ಕುರುಗೋಡಿನ ನಮ್ಮ ಮನೆಗೆ ಬಂದಾಗಲೂ ಅದೇ. "ಅರ್ಧಾನೂ ಇಲ್ಲವ್ವಾ, ತುಂಬ್ಸಿಡ್ರಿ," ಎಂದಾಗ ನಮ್ಮವ್ವ ಬೆರಗಾಗಿದ್ದಳು.

ಸಿರುಗುಪ್ಪದ ಕಡೆಯ ತೆಕ್ಕಲಕೋಟೆಯವರು. ಎಪ್ಪತ್ತರ ದಶಕದಲ್ಲಿ ಸಮುದ್ರದ ತಳ ಶೋಧಿಸುವ ಕಚೇರಿಯಲ್ಲಿ ನನ್ನ ಮೇಲಧಿಕಾರಿ. ಕಡಲದಂಡೆಯ ಆ ಊರಿನಲ್ಲಿ ನಮ್ಮ ಕಡೆಯ ಮಾತಾಡುವವರು ನಾವಿಬ್ಬರೇ. ಹಡಗಿನಿಂದ ನೀರಿಗೆ ಸದ್ದು ಹೊಡೆಯುವುದು, ಅದು ತಳಕ್ಕೂ ಅದರ ಕೆಳಗಿನ ಪದರಗಳಿಗೂ ಬಡಿದು ಮರಳಿ ಕಾಗದದ ಮೇಲೆ ಗೆರೆಯಾಗುವುದು, ಎಲ್ಲ ಕಲಿಸಿದವರು ಅವರೇ. "ಲೇ ಈರ, ಕಣ್ಣೀಲೆ ನೋಡಬ್ಯಾಡ, ಕಿವೀಲೆ ನೋಡು," ಎನ್ನುತ್ತಿದ್ದರು.

ಒಮ್ಮೆ ಆಳಸಮುದ್ರದ ಕಾಗದದಲ್ಲಿ ವಿಚಿತ್ರವಾದ ಗೆರೆಯೊಂದು ಕಂಡಿತು. ತಳ ಏರಿದರೆ ಏರುತ್ತ, ಇಳಿದರೆ ಇಳಿಯುತ್ತ, ಪದರಗಳನ್ನು ಕತ್ತರಿಸಿಕೊಂಡು ಹೋಗಿತ್ತು. ಪದರದ ಗೆರೆ ಹಾಗೆ ಹೋಗದು. ಅಲ್ಲಿನ ಚಳಿಗೂ ಒತ್ತಡಕ್ಕೂ ಅನಿಲ ನೀರಿನೊಡನೆ ಹೆಪ್ಪುಗಟ್ಟಿರಬೇಕು, ಆ ಹೆಪ್ಪಿನ ಅಡಿಯಿಂದ ಸದ್ದು ಮರಳಿದೆ ಎಂದೆ. ಇಡೀ ನೌಕರಿಯಲ್ಲಿ ನಾನೇ ನಾನಾಗಿ ಕಂಡದ್ದು ಅದೊಂದೇ.

"ಸಮುದ್ರದ ಬುಡಕ ಐಸ್ ಐತೇನಲೇ? ಕುಲ್ಫಿ ಮಾರಾಕ ಹೊಂಟೀಯೇನು?" ಎಂದು ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೂ ಹೇಳಿದರು. ಕೋಣೆಯೆಲ್ಲ ನಕ್ಕಿತು. "ಅದು ಸುಳ್ಳು ಮಾರ್ದನಿ, ತಳಕ್ಕ ಎರಡು ಸಲ ಬಡದು ಬಂದ ಸದ್ದು."

"ಸುಳ್ಳಾಗಿದ್ರ ಇನ್ನೂ ಆಳದಾಗ ಬರ್ತಿತ್ರಿ ಸರ್," ಎಂದೆ.

ಅವರು ಮೇಲಿನ ಕಚೇರಿಗೆ ಹೋಗುವ ನಕಾಶೆಯಿಂದ ನಾನು ಎಳೆದಿದ್ದ ಆ ಗೆರೆಯನ್ನು ರಬ್ಬರಿನಿಂದ ಉಜ್ಜಿ, ಪುಡಿಯನ್ನು ಉಫ್ ಎಂದು ಊದಿದರು. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಕೆಲವು ವರ್ಷಗಳ ಮೇಲೆ ವಿದೇಶದ ಪತ್ರಿಕೆಯೊಂದರಲ್ಲಿ ಅಂಥದೇ ಗೆರೆ ಅಚ್ಚಾಯಿತು. ಬೇರೆ ಕಡಲು, ಬೇರೆಯವರ ಹೆಸರು, ಹೇಳಿದ್ದು ಮಾತ್ರ ನಾನು ಹೇಳಿದ್ದೇ. ಒಯ್ದು ಅವರ ಮೇಜಿನ ಮೇಲಿಟ್ಟೆ. ಓದಿ ಮಡಚಿಟ್ಟು ನನಗೆ ಚಹಾ ತರಿಸಿದರು. ಆ ಮಾತು ಎತ್ತಲೇ ಇಲ್ಲ.

ನಿವೃತ್ತರಾಗಿ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನೆಲೆಸಿದರು. ಕಡೆಯ ಸಲ ನಾನು ಹೋದಾಗ ಮನೆಯ ಕಟ್ಟೆಯ ಮೇಲೆ ಓಣಿಯ ಹಿರಿಯರೊಡನೆ ಕೂತಿದ್ದರು.

"ಬಾರಲೇ ಈರ. ಇವ ನನ್ನ ಶಿಷ್ಯಾರೀ. ಸಮುದ್ರದ ಬುಡಕ ಗ್ಯಾಸು ಹೆಪ್ಪುಗಟ್ಟೈತಿ ಅಂತ ನಾ ಹೇಳಿದ್ರ ಆಫೀಸಿನ ಮಂದಿಯೆಲ್ಲಾ ನಕ್ಕಿದ್ರು. ಹೌದಿಲ್ಲೋ?"

ಹಿರಿಯರು ನನ್ನ ಮುಖ ನೋಡಿದರು. ಪಂಪಾಪತಿಯವರ ಕಣ್ಣಲ್ಲಿ ಕಳ್ಳತನವೇ ಇರಲಿಲ್ಲ, ಅದು ತಾವೇ ಹೇಳಿದ್ದೆಂದು ನಿಜಕ್ಕೂ ನಂಬಿಬಿಟ್ಟಿದ್ದರು.

"ನಕ್ಕಿದ್ರರಿ," ಎಂದೆ.

ಮತ್ತೆ ಆ ಮನೆಯ ಕಡೆ ತಲೆ ಹಾಕಲಿಲ್ಲ. ಅವರು ತೀರಿಕೊಂಡ ಸುದ್ದಿ ಬಂದಾಗಲೂ ಹೋಗಲಿಲ್ಲ. ಸುದ್ದಿ ತಂದವನಿಗೆ ನೀರು ಕೊಡಲು ಒಳಗೆ ಬಂದೆ. ಕೈ ತಾನಾಗಿಯೇ ಕೊಡ ಬಾರಿಸಿತು. ಅರ್ಧವೂ ಇರಲಿಲ್ಲ.