ಒಂದೇ ತಪ್ಪಿನ ಎರಡು ಹಾಳೆ

ಸರಿ ಉತ್ತರ ಎಲ್ಲರದೂ ಒಂದೇ, ತಪ್ಪು ಮಾತ್ರ ಅವರವರದು ಎನ್ನುವುದು ನಮ್ಮ ಲೆಕ್ಕದ ಮೇಷ್ಟ್ರ ಸಿದ್ಧಾಂತ. ನಯಾಪೈಸೆ ಬಂದ ಹೊಸತರಲ್ಲಿ ಅವರು ಮೈಸೂರಿನಿಂದ ಚಿಂತಾಮಣಿಗೆ ವರ್ಗವಾಗಿ ಬಂದಿದ್ದರು. ಇಬ್ಬರ ತಪ್ಪು ಒಂದೇ ಆದರೆ ಒಬ್ಬರು ನೋಡಿ ಬರೆದಿದ್ದಾರೆ ಎಂದೇ ಅರ್ಥವಂತೆ. ಹಾಗೆ ಸಿಕ್ಕಿಬಿದ್ದವರು ನಾನು ಮತ್ತು ಪಕ್ಕದಲ್ಲಿ ಕೂರುತ್ತಿದ್ದ ನನ್ನ ಗೆಳತಿ.

ನೂರಕ್ಕೆ ಎಂಟು ರೂಪಾಯಿಯಂತೆ ಐನೂರ ಐವತ್ತು ಮಾವಿನಕಾಯಿ ಮಾರಿದರೆ ಎಷ್ಟು ಬರುತ್ತದೆ? ನಲವತ್ತನಾಲ್ಕು ಬರಬೇಕಂತೆ. ನಾವಿಬ್ಬರೂ ನಲವತ್ತು ಎಂದು ಬರೆದಿದ್ದೆವು. ಉಳಿದ ಹುಡುಗಿಯರ ತಪ್ಪುಗಳು ಒಂದೊಂದೂ ಒಂದೊಂದು ಥರ.

"ಯಾರು ಯಾರದ್ದು ನೋಡಿದ್ರಿ?" ಎಂದು ಮೇಷ್ಟ್ರು ಗದರಿದರು. ಇಬ್ಬರೂ ಅತ್ತೆವು. ಕಾಪಿ ಹೊಡೆದಳೆಂಬ ಮಾತು ಅಪ್ಪನ ಕಿವಿಗೆ ಬಿದ್ದರೆ ನನ್ನ ಓದು ಅಲ್ಲಿಗೇ ಮುಗಿಯುತ್ತಿತ್ತು.

ಮೇಷ್ಟ್ರು ನಮ್ಮನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಅಂಥದೇ ಇನ್ನೊಂದು ಲೆಕ್ಕ ಕೊಟ್ಟರು. ಮತ್ತೆ ಒಂದೇ ಉತ್ತರ ಬಂದೀತೆಂಬ ಹೆದರಿಕೆಗೆ ನಾನು ಪುಸ್ತಕದ ಮಾದರಿ ನೆನೆದು ಅದರಂತೆಯೇ ಮಾಡಿದೆ. ಸರಿಯಾಯಿತು. ಗೆಳತಿಯದು ಹಳೇ ತಪ್ಪೇ.

"ನೋಡಿದ್ಯಾ, ಬೇರೆ ಕೂರಿಸಿದ ತಕ್ಷಣ ಉತ್ತರ ಬೇರೆ ಆಯ್ತು!" ಎಂದರು ಮೇಷ್ಟ್ರು.

ನನಗೆ ತಲೆಯೇ ಓಡಲಿಲ್ಲ. ಒಂದೇ ಆದರೂ ಕಳ್ಳಿ, ಬೇರೆಯಾದರೂ ಕಳ್ಳಿ. ನಿಜವಾಗಿಯೂ ಅವಳ ಹಾಳೆ ನೋಡಿದ್ದೆನೇನೋ ಎಂದು ನನಗೇ ಅನುಮಾನ ಹುಟ್ಟಿತು.

ಅಪ್ಪನಿಗೆ ಹೇಳಿ ಕಳಿಸಿದರು. ಅವರು ನಮ್ಮ ಮಾವಿನ ಮಂಡಿಯಿಂದ ಟವೆಲ್ ಕೊಡವುತ್ತಾ ಬಂದರು. ಮೇಷ್ಟ್ರು ಮೊದಲ ಲೆಕ್ಕ ಓದಿದರು.

"ನಲವತ್ತಲ್ವಾ ಸ್ವಾಮಿ?" ಎಂದರು ಅಪ್ಪ.

ಮೇಷ್ಟ್ರು ತಬ್ಬಿಬ್ಬಾದರು. "ಅದು ಹೇಗೆ?"

"ನೂರು ಕಾಯಿಗೆ ಹತ್ತು ಕೊಸರು ಹಾಕ್ಬೇಕಲ್ಲ? ನೂರಾ ಹತ್ತು ಕಾಯಿ ಕೊಟ್ರೆ ನೂರರ ದುಡ್ಡು. ನಮ್ ಮಂಡಿ ಬೀದೀಲಿ ಯಾರನ್ನ ಕೇಳಿದ್ರೂ ಅಷ್ಟೇ ಹೇಳ್ತಾರೆ."

ಗೆಳತಿಯ ಮನೆಯೂ ಅದೇ ಬೀದಿಯಲ್ಲಿತ್ತು. ಕೊಸರಿನ ವಿಷಯ ಮೇಷ್ಟ್ರಿಗೆ ಹೇಳಬೇಕೆಂದು ನಮಗೆ ಹೊಳೆದೇ ಇರಲಿಲ್ಲ. ಅದಿಲ್ಲದ ನೂರನ್ನು ನಾವು ಕಂಡೇ ಇರಲಿಲ್ಲ.

ಸದ್ಯ ಬದುಕಿದೆ ಎಂದುಕೊಂಡೆ. ಅಷ್ಟರಲ್ಲಿ ಮೇಷ್ಟ್ರು ಸಮಾಧಾನಕ್ಕೆಂದು ನನ್ನ ಎರಡನೆಯ ಹಾಳೆ ತೋರಿಸಿದರು. "ನಿಮ್ಮ ಮಗಳು ಜಾಣೆ. ಇದರಲ್ಲಿ ಕೊಸರು ಬಿಟ್ಟು ಸರಿಯಾಗಿ ಮಾಡಿದಾಳೆ."

ಅಪ್ಪನ ಮುಖ ಕೆಂಪಗಾಯಿತು. "ಕೊಸರು ಬಿಟ್ರೆ ಅದು ಮೋಸ ಅಲ್ವೇನಮ್ಮ? ಇದನ್ನ ಕಲಿಯಕ್ಕೆ ಇಸ್ಕೂಲಾ? ನಡಿ ಮನೆಗೆ."

"ಹುಡುಗಿ ಮೋಸ ಮಾಡಿಲ್ಲ, ನನ್ನ ಮಾತು ನಂಬಿ" ಎಂದು ಮೇಷ್ಟ್ರು ಗೇಟಿನವರೆಗೂ ಹಿಂದೆ ಬಂದರು. ಅಪ್ಪ ತಿರುಗಿಯೂ ನೋಡಲಿಲ್ಲ.

ಮಾರನೆಯ ದಿನ ಗೆಳತಿ ಶಾಲೆಗೆ ಹೋದಳು. ನಾನು ಮಂಡಿಯಲ್ಲಿ ಕೂತು ಕಾಯಿ ಎಣಿಸಿದೆ, ನೂರಕ್ಕೆ ಹತ್ತು ಕೊಸರು ಹಾಕಿ. ಮತ್ತೆ ಶಾಲೆಯ ಮುಖ ನೋಡಲಿಲ್ಲ. ನಾನು ಮಾಡಿದ ತಪ್ಪು ಯಾವುದೆಂದು ಇವತ್ತಿಗೂ ತಿಳಿದಿಲ್ಲ.